ಕಚೇರಿ ಕಟ್ಟೆ: ಬಾಯಿಮಾತಿಗೆ ತಾರೀಖು ಇರುವುದಿಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ. ಸರ್ಕಾರಿ ಕಚೇರಿ ಯಾಕೆ ಹೀಗೆ, ಅದು ಯಾವತ್ತಾದರೂ ಸುಧಾರಿಸುತ್ತದಾ? ನಾನು ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು. 34 ವರ್ಷ ಕಡತಗಳ ನಡುವೆ ಇದ್ದೆ. ಕೌಂಟರಿನ ಆ ಕಡೆಯೂ ಗೊತ್ತು, ಈಗ ಈ ಕಡೆ ನಿಂತು ಕಾಯುವುದೂ ಗೊತ್ತಾಗಿದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಎರಡು ವರ್ಷ ಆಯಿತು. ಜಮೀನು ನಮ್ಮ ಹೆಸರಿಗೆ ಆಗಬೇಕಲ್ಲ, ಆ ಪೌತಿ ಖಾತೆಗೆ ಅಂತ ಒಂಬತ್ತು ಸಲ ಅಲೆದಿದ್ದೇನೆ. ಮೊದಲು ವಂಶವೃಕ್ಷ ಇಲ್ಲ ಅಂದರು, ತಂದುಕೊಟ್ಟೆ. ಆಮೇಲೆ ಪಹಣಿಯ ಹೆಸರಿಗೂ ಮರಣ ಪತ್ರದ ಹೆಸರಿಗೂ ಹೊಂದುವುದಿಲ್ಲ ಅಂದರು. ಈಗ ಹೋದಾಗೆಲ್ಲ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಮುಂದಿನ ವಾರ ಬನ್ನಿ’. ನನ್ನ ಅರ್ಜಿ ಅವರ ಮೇಜಿನ ಮೇಲೇ ಇದೆ, ಕಣ್ಣಾರೆ ನೋಡಿದ್ದೇನೆ. ಕಾನೂನು ಇರುವುದೇ ಹೀಗಾ ಸಾರ್?
(ಮಲೆನಾಡಿನ ಒಬ್ಬ ರೈತರು)

ಉತ್ತರ: ಕಾನೂನು ಹೀಗಿಲ್ಲ. ಆದರೆ ಮೊದಲು ಒಂದು ಮಾತು ಕೇಳುತ್ತೇನೆ. ಅರ್ಜಿ ಕೊಟ್ಟಾಗ ಸ್ವೀಕೃತಿ ತಗೊಂಡಿರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮೇಜಿನ ಮೇಲಿರುವ ಅರ್ಜಿ ಇನ್ನೂ ಕಚೇರಿಗೆ ಸೇರಿರುವುದಿಲ್ಲ. ಅದಕ್ಕೊಂದು ನಂಬರ್ ಬೀಳುವ ತನಕ ಅದು ನೀವು ಒಬ್ಬ ಮನುಷ್ಯನ ಕೈಗೆ ಕೊಟ್ಟ ಹಾಳೆ ಅಷ್ಟೆ. ಕಳೆದುಹೋದರೂ ಕೇಳುವವರಿಲ್ಲ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ, ಆಗ ನಿಮಗೇ ಅರ್ಥವಾಗುತ್ತದೆ. ಅರ್ಜಿ ಮೊದಲು ಟಪಾಲು ಶಾಖೆಗೆ ಬರಬೇಕು. ಅಲ್ಲಿ ಆವಕ ವಹಿಯಲ್ಲಿ ಸಂಖ್ಯೆ, ತಾರೀಖು ಬೀಳುತ್ತದೆ. ಅಲ್ಲಿಂದ ವಿಷಯ ನಿರ್ವಾಹಕರಿಗೆ, ಅಂದರೆ ನೀವು ಕೇಸ್ ವರ್ಕರ್ ಅನ್ನುತ್ತೀರಲ್ಲ ಅವರಿಗೆ. ಅವರು ಕಡತ ತೆರೆದು ಟಿಪ್ಪಣಿ ಬರೆಯುತ್ತಾರೆ. ಇಂಥವರು ಇಂಥ ಸರ್ವೆ ನಂಬರಿಗೆ ಅರ್ಜಿ ಕೊಟ್ಟಿದ್ದಾರೆ, ಈ ದಾಖಲೆ ಇದೆ, ಈ ದಾಖಲೆ ಇಲ್ಲ ಅಂತ ಒಂದೊಂದು ಕಂಡಿಕೆ. ಕೊನೆಗೆ ‘ಆದೇಶಕ್ಕಾಗಿ ಮಂಡಿಸಿದೆ’. ಅದು ಶಿರಸ್ತೇದಾರರ ಮೂಲಕ ತಹಶೀಲ್ದಾರರಿಗೆ ಹೋಗುತ್ತದೆ. ಈಗ ಎಷ್ಟೋ ಕಡೆ ಇದೆಲ್ಲ ಕಂಪ್ಯೂಟರಿನಲ್ಲೇ ನಡೆಯುತ್ತದೆ, ಆದರೆ ದಾರಿ ಅದೇ.

ಈ ದಾರಿಯಲ್ಲಿ ಒಂದು ಚಿಕ್ಕ ಪದ ಇದೆ. ‘ಚರ್ಚಿಸಿ’. ಮೇಲಿನವರು ಟಿಪ್ಪಣಿಯ ಅಂಚಿನಲ್ಲಿ ಇಷ್ಟೇ ಬರೆದು ಸಹಿ ಹಾಕಿದರೆ ಕಡತ ಕೆಳಗಿಳಿಯುತ್ತದೆ. ಯಾವತ್ತು ಚರ್ಚಿಸಬೇಕು, ಏನು ಚರ್ಚಿಸಬೇಕು ಅಂತ ಇರುವುದಿಲ್ಲ. ನಾನೂ ಅದನ್ನು ಬರೆದಿದ್ದೇನೆ. ಒಂದು ಸಂಜೆ ಮೇಜು ಖಾಲಿ ಮಾಡಬೇಕು ಅಂತ ಹನ್ನೊಂದು ಕಡತಗಳ ಮೇಲೆ ಒಂದೇ ಸಮನೆ ‘ಚರ್ಚಿಸಿ’ ಬರೆದೆ. ಅದರಲ್ಲಿ ಒಂದು ಒಬ್ಬ ವಿಧವೆ ತಾಯಿಯ ಪಿಂಚಣಿ ಕಡತ. ಏಳು ವಾರದ ನಂತರ ಆಕೆ ಬಂದು ನಿಂತಾಗಲೇ ನನಗದು ನೆನಪಾಗಿದ್ದು. ಅವತ್ತಿನಿಂದ ಆ ಪದ ಬರೆಯುವುದು ಬಿಟ್ಟೆ. ಏನು ಕಡಿಮೆ ಇದೆಯೋ ಅದನ್ನೇ ಬರೆದು ಕಳಿಸುತ್ತಿದ್ದೆ.

ನಿಮಗೆ ಆಗಿರುವುದೂ ಅದೇ. ಒಂಬತ್ತು ಸಲವೂ ಬಾಯಲ್ಲೇ ಹೇಳಿ ಕಳಿಸಿದ್ದಾರೆ. ಬಾಯಿಮಾತಿಗೆ ತಾರೀಖು ಇರುವುದಿಲ್ಲ, ಸಹಿಯೂ ಇರುವುದಿಲ್ಲ. ನಾಳೆ ನೀವು ಮೇಲಿನವರ ಹತ್ತಿರ ಹೋದರೆ ತೋರಿಸಲು ಕೈಯಲ್ಲಿ ಏನೂ ಇಲ್ಲ.

ಹಾಗಾಗಿ ಹೊಸದಾಗಿ ಅರ್ಜಿ ಕೊಡಿ, ಸಕಾಲದ ಸ್ವೀಕೃತಿ ತಗೊಳ್ಳದೆ ಕೌಂಟರ್ ಬಿಡಬೇಡಿ. ಸಕಾಲ ಅಂದರೆ 2011ರ ಸೇವಾ ಖಾತರಿ ಕಾಯ್ದೆ, 2012ರ ಏಪ್ರಿಲ್‌ನಿಂದ ಇಡೀ ರಾಜ್ಯದಲ್ಲಿ ಜಾರಿಯಲ್ಲಿದೆ. ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ ಇರುತ್ತದೆ, ಯಾವ ದಿನದೊಳಗೆ ಕೆಲಸ ಆಗಬೇಕು ಅನ್ನುವುದೂ ಇರುತ್ತದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದು ತಡ ಮಾಡಿದವರ ಸಂಬಳದಿಂದ ಹೋಗಬೇಕು. ದುಡ್ಡು ದೊಡ್ಡದಲ್ಲ. ಆದರೆ ಯಾರ ಹತ್ತಿರ ಎಷ್ಟು ದಿನ ನಿಂತಿತ್ತು ಅನ್ನುವುದು ಬರಹದಲ್ಲಿ ಉಳಿಯುತ್ತದೆ, ಅದು ದೊಡ್ಡದು.

ಹೆಸರಿನ ವ್ಯತ್ಯಾಸ ನಿಜವಾದ ತೊಡಕೇ, ಅದನ್ನು ಹಗುರ ಮಾಡುವುದಿಲ್ಲ. ನಮ್ಮ ಹಿರಿಯರ ಹೆಸರು ಪಹಣಿಯಲ್ಲಿ ‘ಅಪ್ಪ’ ಅಂತ ಮುಗಿದರೆ, ಮರಣ ಪತ್ರದಲ್ಲಿ ‘ಗೌಡ’ ಅಂತ ಇರುತ್ತದೆ, ಆಧಾರ್‌ನಲ್ಲಿ ಮೂರನೆಯದೇ ಇರುತ್ತದೆ. ಇಬ್ಬರೂ ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಜೊತೆಗಿಡಿ. ಗ್ರಾಮ ಆಡಳಿತ ಅಧಿಕಾರಿ (ಹಿಂದೆ ಗ್ರಾಮ ಲೆಕ್ಕಿಗರು ಅನ್ನುತ್ತಿದ್ದೆವು) ಊರಿಗೆ ಬಂದು ವಿಚಾರಿಸಿ ವರದಿ ಕೊಡಲಿ ಅಂತ ಅರ್ಜಿಯಲ್ಲೇ ಕೇಳಿ. ಅಷ್ಟಾದ ಮೇಲೂ ಆಗುವುದಿಲ್ಲ ಅಂದರೆ ಒಂದೇ ಮಾತು ಹೇಳಿ, ‘ಹಿಂಬರಹ ಕೊಡಿ ಸಾರ್’. ಯಾಕೆ ಆಗುವುದಿಲ್ಲ ಅಂತ ಸಹಿ ಮಾಡಿ ಕೊಡುವ ಕಾಗದ ಅದು. ಸಿಟ್ಟು ಬೇಡ, ದನಿ ಏರಿಸುವುದೂ ಬೇಡ. ಖಾತೆ ಬದಲಾವಣೆಯ ಆದೇಶ ನಿಮ್ಮ ವಿರುದ್ಧ ಬಂದರೆ ಉಪವಿಭಾಗಾಧಿಕಾರಿಯ ಬಳಿ ಮೇಲ್ಮನವಿ ಹಾಕಬಹುದು. ಬರೆದು ಕೊಡದಿದ್ದರೆ ಅದಕ್ಕೂ ದಾರಿ ಇಲ್ಲ.

ಸಕಾಲಕ್ಕೂ ಒಂದು ಕಾಯಿಲೆ ಹತ್ತಿದೆ, ಅದನ್ನೂ ಹೇಳಿಬಿಡುತ್ತೇನೆ. ಗಡುವು ಮುಗಿಯುವ ಹಿಂದಿನ ದಿನ ‘ದಾಖಲೆ ಸಾಲದು’ ಅಂತ ತಿರಸ್ಕರಿಸಿ ಲೆಕ್ಕದಲ್ಲಿ ವಿಲೇವಾರಿ ತೋರಿಸುವುದು. ನಾನಿದ್ದ ಕಚೇರಿಗಳಲ್ಲೇ ನೋಡಿದ್ದೇನೆ, ಹೊಟ್ಟೆ ಉರಿಯುತ್ತಿತ್ತು. ಹಾಗೆ ಆದರೆ ಸುಮ್ನೆ ಮನೆಗೆ ಹೋಗಬೇಡಿ. ಸಕಾಲದಲ್ಲಿ ತಿರಸ್ಕಾರದ ಮೇಲೂ ಮೇಲ್ಮನವಿಗೆ ಅವಕಾಶ ಇದೆ.

ಪ್ರಶ್ನೆ: ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರೆ ಲಂಚ ತಾನಾಗಿಯೇ ನಿಲ್ಲುತ್ತದೆ ಅಲ್ವಾ? ಇಷ್ಟೊಂದು ಆ್ಯಪ್ ಬಂದರೂ ಯಾಕೆ ನಿಂತಿಲ್ಲ?
(ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಸ್ವಲ್ಪ ನಿಲ್ಲುತ್ತದೆ, ಸ್ವಲ್ಪ ಜಾಗ ಬದಲಿಸುತ್ತದೆ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯನ್ನೇ ತಗೊಳ್ಳಿ. ಅದಕ್ಕೆ ಮುಂಚೆ ಸುಮಾರು 9,000 ಗ್ರಾಮ ಲೆಕ್ಕಿಗರು ಪಹಣಿಗಳನ್ನು ಕೈಯಲ್ಲೇ ಬರೆದು ತಮ್ಮ ಬಳಿ ಇಟ್ಟುಕೊಂಡಿರುತ್ತಿದ್ದರು. ಲೆಕ್ಕಿಗರು ಊರಿನಲ್ಲಿ ಇಲ್ಲ ಅಂದರೆ ಪಹಣಿಯೂ ಇಲ್ಲ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರ ಪಹಣಿ ಬೇಕಾದರೂ ಸಿಕ್ಕಿತು. ಅವತ್ತು ರೈತರು ಆ ಮುದ್ರಿತ ಹಾಳೆಯನ್ನು ಮಡಚದೆ, ಕ್ಯಾಲೆಂಡರ್ ಸುತ್ತಿದ ಹಾಗೆ ಸುತ್ತಿ ಹಿಡಿದುಕೊಂಡು ಹೋಗುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ನನ್ನ ಪ್ರಕಾರ ಭೂಮಿಯ ಅಸಲಿ ಗೆಲುವು ಅದಲ್ಲ. ಖಾತೆ ಬದಲಾವಣೆಯ ಅರ್ಜಿಗಳಲ್ಲಿ ಮೊದಲು ಬಂದದ್ದು ಮೊದಲು ಅನ್ನುವ ಸಾಲನ್ನು ಕಂಪ್ಯೂಟರ್ ಹಿಡಿದುಕೊಂಡಿತು. ಬೆರಳಚ್ಚು ಕೊಟ್ಟು ಒಳಗೆ ಹೋಗುವ ನೌಕರ ತನಗೆ ಬೇಕಾದ ಕಡತವನ್ನು ಆರಿಸಿಕೊಳ್ಳುವಂತಿರಲಿಲ್ಲ. ಲಂಚ ಹುಟ್ಟುವುದೇ ಆ ಆಯ್ಕೆಯಲ್ಲಿ, ಯಾರದ್ದು ಮೇಲಿಡಬೇಕು, ಯಾರದ್ದು ಅಡಿಗೆ ಹಾಕಬೇಕು ಅನ್ನುವುದರಲ್ಲಿ.

ಇನ್ನು ಜಾಗ ಬದಲಾದದ್ದು ಎಲ್ಲಿಗೆ? ಕಂಪ್ಯೂಟರ್ ಹೋಗಲಾಗದ ಕಡೆಗೆ. ಪೋಡಿಗೆ, ಅಂದರೆ ಜಮೀನನ್ನು ಅಳೆದು ಭಾಗ ಮಾಡಲು, ಸರ್ವೆಯವರು ಹೊಲಕ್ಕೆ ಬರಬೇಕು, ಗಡಿಕಲ್ಲು ನೋಡಬೇಕು, ಸ್ಥಳದಲ್ಲಿ ಮಹಜರು ಮಾಡಬೇಕು. ಆ ವರದಿ ಬರೆಯುವುದು ಮನುಷ್ಯನೇ. ಯಾವತ್ತು ಬರುತ್ತೇನೆ ಅಂತ ಬರಹದಲ್ಲಿ ಹೇಳಬೇಕಾದ ಕಟ್ಟುಪಾಡು ಅಲ್ಲಿ ಬಿಗಿಯಾಗಲಿಲ್ಲ, ಹಾಗಾಗಿ ಅಲ್ಲಿ ಹಳೆಯ ಆಟ ಉಳಿದುಕೊಂಡಿತು. ಮತ್ತೆ ಆ್ಯಪ್‌ಗಳ ವಿಷಯ. ಒಬ್ಬ ಗ್ರಾಮ ಆಡಳಿತ ಅಧಿಕಾರಿಯ ಫೋನಿನಲ್ಲಿ ಬೆಳೆಗೊಂದು, ಆಧಾರ್ ಜೋಡಣೆಗೊಂದು, ಇನ್ನೊಂದಕ್ಕೆ ಇನ್ನೊಂದು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮುಷ್ಕರಕ್ಕೆ ಕುಳಿತಾಗ ಈ ಆ್ಯಪ್ ಹೊರೆಯೂ ಒಂದು ಮುಖ್ಯ ದೂರಾಗಿತ್ತು. ಕೆಲಸದ ದಾರಿ ಸರಿ ಮಾಡದೆ ಅದರ ಮೇಲೊಂದು ಆ್ಯಪ್ ಕೂರಿಸಿದರೆ ಕೆಲಸ ಎರಡಾಗುತ್ತದೆ.

ಪ್ರಶ್ನೆ: ಇಷ್ಟೊಂದು ನೌಕರರು ಯಾಕೆ ಬೇಕು? ಅರ್ಧ ಜನರನ್ನು ತೆಗೆದು ಖಾಸಗಿಯವರಿಗೆ ಕೊಟ್ಟರೆ ಕೆಲಸ ಬೇಗ ಆಗುತ್ತದೆ.
(ಹುಬ್ಬಳ್ಳಿಯ ಒಬ್ಬ ವ್ಯಾಪಾರಿ)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಲೆಕ್ಕ ಉಲ್ಟಾ ಇದೆ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಖಾಲಿ ಇವೆ. ನೀವು ಹೇಳಿದ್ದು ಆಗಲೇ ಮೂರರಲ್ಲೊಂದು ಪಾಲು ಆಗಿಹೋಗಿದೆ! ಒಬ್ಬ ಗ್ರಾಮ ಆಡಳಿತ ಅಧಿಕಾರಿಗೆ ಎರಡು ಮೂರು ವೃತ್ತಗಳ, ಅಂದರೆ ಹಳ್ಳಿ ಗುಂಪುಗಳ, ಪ್ರಭಾರ ಕೊಟ್ಟರೆ ಅವರು ಯಾವ ಊರಿನಲ್ಲಿ ಇರಬೇಕು ಹೇಳಿ. ಚುನಾವಣೆಗೆ ಅವರೇ, ನೆರೆ ಬಂದರೆ ಅವರೇ, ಬೆಳೆ ಹಾನಿ ಬರೆಯಲು ಅವರೇ. ಕೋವಿಡ್ ಕಾಲದಲ್ಲಿ ಮನೆ ಬಾಗಿಲಿಗೆ ಹೋದವರು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಪಂಚಾಯಿತಿ ಸಿಬ್ಬಂದಿ. ಅವರಲ್ಲಿ ಆಶಾದವರಿಗೆ ಇವತ್ತಿಗೂ ಕಾಯಂ ನೌಕರಿ ಇಲ್ಲ.

ಅರ್ಜಿ ತಗೊಳ್ಳುವ ಕೆಲಸವನ್ನು ಹೊರಗಿನವರಿಗೆ ಕೊಡಬಹುದು, ಕರ್ನಾಟಕ ಒನ್, ಗ್ರಾಮ ಒನ್‌ನಲ್ಲಿ ಅದು ಚೆನ್ನಾಗಿಯೇ ನಡೆಯುತ್ತಿದೆ. ನಿಮ್ಮ ಜಮೀನು ಯಾರದ್ದು ಅಂತ ತೀರ್ಮಾನಿಸುವ ಅಧಿಕಾರವನ್ನು ಮಾತ್ರ ವ್ಯಾಪಾರದವರ ಕೈಗೆ ಕೊಡಲು ನಾನು ಒಪ್ಪುವುದಿಲ್ಲ. ನಾಳೆ ತಪ್ಪಾದರೆ ಯಾರ ಸಹಿ ಹಿಡಿದು ಕೇಳುತ್ತೀರಿ?

ಮೇಲಿನ ಹುದ್ದೆಗಳಿಗೆ ಹೊರಗಿನ ಪರಿಣತರನ್ನು ತರುವುದು ಬೇರೆ ಮಾತು. ಕೇಂದ್ರ 2018ರಲ್ಲಿ ಹತ್ತು ಜಂಟಿ ಕಾರ್ಯದರ್ಶಿ ಹುದ್ದೆಗಳಿಂದ ಅದನ್ನು ಶುರು ಮಾಡಿತು. 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಜಾಹೀರಾತು ಕೊಟ್ಟು, ಮೀಸಲಾತಿ ಇಲ್ಲ ಅನ್ನುವ ವಿರೋಧ ಬಂದ ಮೇಲೆ ಹಿಂದಕ್ಕೆ ತಗೊಂಡಿತು. ಆ ವಿರೋಧ ಸರಿಯಾದದ್ದೇ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಸರ್ಕಾರಿ ನೌಕರಳು. ಸೇವೆಗೆ ಸೇರಿ ಆರು ವರ್ಷ. ಮೇಲಿನವರು ಫೋನಿನಲ್ಲಿ ‘ಆ ಕಡತ ಹೀಗೆ ಮಂಡಿಸಿ’ ಅನ್ನುತ್ತಾರೆ. ನಿಯಮದಲ್ಲಿ ಬರುವುದಿಲ್ಲ ಅಂದರೆ ‘ನಾನು ಹೇಳುತ್ತಿದ್ದೇನಲ್ಲ’ ಅನ್ನುತ್ತಾರೆ. ಬರೆದರೆ ನಾಳೆ ನನ್ನ ಸಹಿಯೇ ಅಲ್ಲಿರುತ್ತದೆ. ಬರೆಯದಿದ್ದರೆ ವರ್ಗಾವಣೆ. ಚಿಕ್ಕ ಮಗು ಇದೆ. ಏನು ಮಾಡಲಿ?
(ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಜನ ಕೌಂಟರಿನ ಹೊರಗೆ ಬಾಯಿಮಾತಿನಿಂದ ಸೋಲುತ್ತಾರೆ, ನೀವು ಒಳಗೆ ಅದೇ ಬಾಯಿಮಾತಿನಿಂದ ಸೋಲುತ್ತಿದ್ದೀರಿ.

2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಕೇಂದ್ರದ ಸಂಪುಟ ಕಾರ್ಯದರ್ಶಿಯಾಗಿದ್ದ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತು ಇತರ ನಿವೃತ್ತ ಅಧಿಕಾರಿಗಳು ಹಾಕಿದ್ದ ಕೇಸು. ಅಧಿಕಾರಿಗಳು ಬಾಯಿಮಾತಿನ ಸೂಚನೆಯ ಮೇಲೆ ನಡೆಯಬಾರದು, ಅಂಥ ಸೂಚನೆ ಬಂದರೆ ಅದನ್ನು ಬರಹಕ್ಕೆ ಇಳಿಸಬೇಕು ಅಂತ ಕೋರ್ಟ್ ಹೇಳಿತು. ಬಾಯಲ್ಲೇ ಎಲ್ಲ ನಡೆದರೆ ಮಾಹಿತಿ ಹಕ್ಕಿಗೆ ಅರ್ಥವೇ ಉಳಿಯುವುದಿಲ್ಲ ಅನ್ನುವ ಮಾತೂ ಅದರಲ್ಲಿದೆ. ವರ್ಗಾವಣೆಗೆ ನಾಗರಿಕ ಸೇವಾ ಮಂಡಳಿ ಇರಲಿ, ಒಂದು ಜಾಗದಲ್ಲಿ ಕನಿಷ್ಠ ಅವಧಿ ಇರಲಿ ಅಂತಲೂ ಹೇಳಿತು. 2014ರಲ್ಲಿ ಐಎಎಸ್ ಹುದ್ದೆಗಳಿಗೆ ಎರಡು ವರ್ಷದ ಕನಿಷ್ಠ ಅವಧಿ ನಿಯಮದಲ್ಲಿ ಬಂತು. ಆದರೂ ಹರಿಯಾಣದ ಅಶೋಕ್ ಖೇಮ್ಕಾ 2025ರಲ್ಲಿ ನಿವೃತ್ತರಾದಾಗ ಅವರ ವರ್ಗಾವಣೆಗಳ ಲೆಕ್ಕ 57. ಐಎಎಸ್ ಅಧಿಕಾರಿಯ ಪಾಡೇ ಹೀಗಾದರೆ ನಿಮ್ಮ ಭಯ ಸುಳ್ಳು ಅಂತ ನಾನು ಹೇಳಲಾರೆ.

ನಾನು ಮಾಡುತ್ತಿದ್ದುದನ್ನು ಹೇಳುತ್ತೇನೆ. ನಿಯಮ ಏನಿದೆಯೋ ಅದನ್ನು ಒಂದು ಕಂಡಿಕೆಯಲ್ಲಿ ಬರೆಯುತ್ತಿದ್ದೆ. ಮುಂದಿನ ಕಂಡಿಕೆಯಲ್ಲಿ ‘ಇಂಥ ದಿನ ನೀಡಿದ ಮೌಖಿಕ ಸೂಚನೆಯಂತೆ ಕಡತವನ್ನು ಆದೇಶಕ್ಕಾಗಿ ಮಂಡಿಸಿದೆ’ ಅಂತ ಬರೆದು ಕಳಿಸುತ್ತಿದ್ದೆ. ವಾದ ಮಾಡಲಿಲ್ಲ, ಯಾರನ್ನೂ ದೂರಲಿಲ್ಲ. ಹತ್ತರಲ್ಲಿ ಏಳು ಸಲ ಕಡತ ವಾಪಸ್ ಬರುತ್ತಿತ್ತು, ‘ನಿಯಮಾನುಸಾರ ಕ್ರಮ ಕೈಗೊಳ್ಳಿ’ ಅಂತ ಬರೆದುಕೊಂಡು. ತಾವೇ ಫೋನಿನಲ್ಲಿ ಹೇಳಿದ್ದನ್ನು ಹಾಳೆಯ ಮೇಲೆ ನೋಡಿದಾಗ ಸಹಿ ಹಾಕಲು ಅವರಿಗೂ ಕೈ ಬರುತ್ತಿರಲಿಲ್ಲ. ಉಳಿದ ಮೂರು ಸಲ ಅವರೇ ಸಹಿ ಮಾಡಿದರು, ಹೊಣೆ ಅವರದ್ದಾಯಿತು. ಇದರಿಂದ ನನಗೆ ಎರಡು ಸಲ ಅಕಾಲದ ವರ್ಗಾವಣೆ ಆಗಿದೆ. ಒಮ್ಮೆ ಮಗಳ ಎಸ್ಸೆಸ್ಸೆಲ್ಸಿ ವರ್ಷ. ಮನೆಯವರು ಪಟ್ಟ ಕಷ್ಟ ಮರೆತಿಲ್ಲ. ಆದರೆ ಒಂದು ವಿಚಾರಣೆಯಲ್ಲಿ ಆ ಕಂಡಿಕೆಯೇ ನನ್ನನ್ನು ಉಳಿಸಿತು. ಜೊತೆಯಲ್ಲಿದ್ದ ಒಳ್ಳೆಯ ಮನುಷ್ಯರೊಬ್ಬರು, ಸುಮ್ಮನೆ ಹೇಳಿದಂತೆ ಬರೆದವರು, ಅಮಾನತಾದರು.

ನಿಮ್ಮ ಹೆದರಿಕೆಗೆ ನಿಜವಾದ ಮದ್ದು ಮಾತ್ರ ನಿಮ್ಮ ಕೈಯಲ್ಲಿಲ್ಲ, ಸರ್ಕಾರದ ಕೈಯಲ್ಲಿದೆ. ಶಿಕ್ಷಕರ ವರ್ಗಾವಣೆಗೆ 2007ರಲ್ಲೇ ಕಾಯ್ದೆ ಬಂತು. ಪಟ್ಟಿ ಎಲ್ಲರ ಮುಂದೆ, ಕೌನ್ಸೆಲಿಂಗ್‌ನಲ್ಲಿ ಆಯ್ಕೆ. ಗಲಾಟೆ, ತಡ ಎಲ್ಲ ಇದೆ. ಆದರೂ ಒಬ್ಬ ಮೇಷ್ಟ್ರು ಶಾಸಕರ ಮನೆ ಬಾಗಿಲಲ್ಲಿ ನಿಲ್ಲದೆ ಊರಿಗೆ ವರ್ಗ ಮಾಡಿಸಿಕೊಳ್ಳುವ ಒಂದು ದಾರಿ ತೆರೆಯಿತು. ಎಲ್ಲ ಇಲಾಖೆಗೂ ಇಂಥ ಕಾಯ್ದೆ ಬರಬೇಕು. ಆಡಳಿತ ಸುಧಾರಣೆ ಅಂತ ಒಂದನ್ನೇ ಮಾಡಿ ಅಂದರೆ ನಾನು ಇದನ್ನೇ ಕೇಳುತ್ತೇನೆ.

ಪ್ರಶ್ನೆ: ಆಡಳಿತ ಸುಧಾರಣಾ ಆಯೋಗಗಳು ಎಷ್ಟು ಬಂದವು? ಏನಾದರೂ ಉಪಯೋಗ ಆಯಿತಾ?
(ಮೈಸೂರಿನ ಒಬ್ಬ ಪದವಿ ವಿದ್ಯಾರ್ಥಿನಿ)

ಉತ್ತರ: ಕೇಂದ್ರದಲ್ಲಿ ಎರಡು, ಮತ್ತು ಎರಡರಲ್ಲೂ ಕನ್ನಡಿಗರ ಹೆಸರಿದೆ. ಮೊದಲನೆಯದು 1966ರಲ್ಲಿ ಮೊರಾರ್ಜಿ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ. ಅವರು ಉಪಪ್ರಧಾನಿ ಆದ ಮೇಲೆ ನಮ್ಮ ಕೆಂಗಲ್ ಹನುಮಂತಯ್ಯನವರು ಅಧ್ಯಕ್ಷರಾದರು. ವಿಧಾನಸೌಧ ಕಟ್ಟಿಸಿದವರು, ಅದರ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಇದೆಯಲ್ಲ, ಅವರೇ. ಎರಡನೆಯದು 2005ರಲ್ಲಿ ವೀರಪ್ಪ ಮೊಯಿಲಿ ಅವರ ಅಧ್ಯಕ್ಷತೆಯಲ್ಲಿ, 15 ವರದಿಗಳು. ರಾಜ್ಯದಲ್ಲಿ ಹಾರನಹಳ್ಳಿ ರಾಮಸ್ವಾಮಿ ಅವರ ಆಯೋಗ, ಆಮೇಲೆ 2021ರಲ್ಲಿ ಟಿ.ಎಂ. ವಿಜಯಭಾಸ್ಕರ್ ಅವರದ್ದು.

ಉಪಯೋಗ ಆಗಿದೆ, ಆದರೆ ಕಾಯಬೇಕಾಯಿತು. ಲೋಕಪಾಲ, ಲೋಕಾಯುಕ್ತ ಬೇಕು ಅಂತ ಮೊದಲ ಆಯೋಗ 1966ರಲ್ಲೇ ಹೇಳಿತ್ತು. ಕರ್ನಾಟಕ 1984ರಲ್ಲಿ ಲೋಕಾಯುಕ್ತ ಕಾಯ್ದೆ ಮಾಡಿತು. ಕೇಂದ್ರದ ಲೋಕಪಾಲ ಕಾಯ್ದೆ ಬಂದದ್ದು 2013ರಲ್ಲಿ. ನಡುವೆ 47 ವರ್ಷ! ಆಯೋಗದ ವರದಿ ಬಂದರೆ ಯಾವ ಶಿಫಾರಸು ಒಪ್ಪಿದೆ, ಯಾವುದು ಇಲ್ಲ, ಯಾಕಿಲ್ಲ ಅಂತ ಸರ್ಕಾರವೂ ಒಂದು ಹಿಂಬರಹ ಕೊಡಬೇಕು ಅಂತ ನನ್ನ ಆಸೆ.

ಪ್ರಶ್ನೆ: ಒಂದು ಪರವಾನಗಿಗೆ ಅನಿವಾರ್ಯವಾಗಿ ಲಂಚ ಕೊಟ್ಟೆ. ಕೊಡುವವರೂ ಅಪರಾಧಿ ಅಂತಾರೆ. ನಿಜವಾ?
(ಒಬ್ಬ ಸಣ್ಣ ಹೋಟೆಲ್ ಮಾಲೀಕರು)

ಉತ್ತರ: ನಿಜ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ ಇದೆ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆ ಇದೆ. ಅದಕ್ಕಿಂತ ಒಳ್ಳೆಯದು, ಕೇಳಿದಾಗಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗುವುದು. 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ, ಮಾಡಿ ಈ ಅಧಿಕಾರವನ್ನು ಅಲ್ಲಿಗೆ ಕೊಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು, ಈಗ ಮತ್ತೆ ಲೋಕಾಯುಕ್ತಕ್ಕೇ ಬಂದಿದೆ. ನಿಮ್ಮ ಪತ್ರದಲ್ಲಿ ಕೊಟ್ಟ ದಿನ ಬರೆದಿಲ್ಲ. ಏಳು ದಿನ ಆಗಿಲ್ಲದಿದ್ದರೆ ಇದನ್ನು ಓದಿದ ಕೂಡಲೇ ಹೊರಡಿ. ಆಗಿದ್ದರೆ ಮೊದಲು ಒಬ್ಬ ವಕೀಲರನ್ನು ಕಾಣಿ.

ಪ್ರಶ್ನೆ: ಮಾಹಿತಿ ಹಕ್ಕಿನಲ್ಲಿ ‘ನನ್ನ ಕೆಲಸ ಯಾಕೆ ಆಗಿಲ್ಲ’ ಅಂತ ಕೇಳಿದರೆ ‘ಇದು ಮಾಹಿತಿಯಲ್ಲ’ ಅಂತ ಉತ್ತರ ಬಂತು. ಹೇಗೆ ಕೇಳಬೇಕು?
(ಕಲಬುರಗಿ ಕಡೆಯ ಒಬ್ಬ ನಿವೃತ್ತ ಶಿಕ್ಷಕರು)

ಉತ್ತರ: ಮೇಷ್ಟ್ರೇ, ‘ಯಾಕೆ’ ಅಂತ ಕೇಳಬೇಡಿ. ಕಡತದಲ್ಲಿ ಏನಿದೆಯೋ ಅದರ ಪ್ರತಿ ಕೇಳಿ. ಹೀಗೆ ಬರೆಯಿರಿ: ‘ಇಂಥ ದಿನಾಂಕದ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಮತ್ತು ಕಡತ ಯಾವ ದಿನ ಯಾವ ಹುದ್ದೆಯವರಿಂದ ಯಾವ ಹುದ್ದೆಯವರಿಗೆ ಹೋಯಿತು ಎಂಬ ಚಲನ ವಿವರದ ಪ್ರತಿ ಕೊಡಿ.’ ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಕಾರಣ ಇಲ್ಲದೆ ತಡ ಮಾಡಿದ ಮಾಹಿತಿ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

ಹೀಗೆ ಕೇಳಿದ ಅರ್ಜಿ ನನ್ನ ಮೇಜಿಗೆ ಬಂದಾಗ ಏನಾಗುತ್ತಿತ್ತು ಗೊತ್ತಾ? ಪ್ರತಿ ತೆಗೆಯುವ ಮೊದಲು ನಾವು ಕಡತ ಹುಡುಕುತ್ತಿದ್ದೆವು. ಸಿಕ್ಕಿದ ಮೇಲೆ ಅದನ್ನು ಹಾಗೇ ಕಳಿಸಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ, ಮೊದಲು ಕೆಲಸ ಮುಗಿಸಿ ಆಮೇಲೆ ಪ್ರತಿ ತೆಗೆಯುತ್ತಿದ್ದೆವು. ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿಯನ್ನು ಅರ್ಜಿಯ ಪ್ರತಿಗೆ ಪಿನ್ ಮಾಡಿ ಇಟ್ಟುಕೊಳ್ಳಿ.